ಲೈಟ್ ಹಾಕದೆ ಕಂಪ್ಯೂಟರ್ ಬಿಚ್ಚಿದವನಿಗೆ ಬಂದ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಬರೆದ ಒಂದೇ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮನೆಯ ಹಳೇ ಕಂಪ್ಯೂಟರ್ ಕೆಟ್ಟಿತ್ತು, ನಾನೇ ಬಿಚ್ಚಿ ಸರಿ ಮಾಡಿದೆ ಅಂತ ಬರೆದಿದ್ದೆ. ನನಗೆ ಕಣ್ಣು ಕಾಣುವುದಿಲ್ಲ ಅನ್ನೋದು ಈ ಅಂಕಣ ಓದುವವರಿಗೆ ಗೊತ್ತು. ಆದರೂ ಎರಡನ್ನೂ ಒಟ್ಟಿಗೆ ನಂಬೋಕೆ ಬಹಳ ಜನಕ್ಕೆ ಕಷ್ಟವಾಗಿದೆ. ಹೊಸಬರಿಗೆ ಎರಡು ಮಾತು: ಊರು ತುಮಕೂರು, ಮನೆ ಬಟವಾಡಿ ಕಡೆ. ಇರುಳುಗಣ್ಣು ಅಂತ ಶುರುವಾದದ್ದು ಹತ್ತೊಂಬತ್ತನೇ ವಯಸ್ಸಿಗೆ ಪೂರ್ತಿ ಕತ್ತಲಾಯಿತು. ಈಗ ಐವತ್ತು ದಾಟಿದೆ. ಉಳಿದದ್ದು ಪ್ರಶ್ನೆಗಳ ಜೊತೆ ತಾನಾಗೇ ಬರುತ್ತೆ.

ಕಂಪ್ಯೂಟರ್ ನೀವೇ ಬಿಚ್ಚಿ ರಿಪೇರಿ ಮಾಡಿದ್ದು ನಿಜವೇ? ಪಕ್ಕದಲ್ಲಿ ಯಾರೂ ಇರಲಿಲ್ಲವೇ? ತಪ್ಪು ತಿಳಿಯಬೇಡಿ, ಕುತೂಹಲಕ್ಕೆ ಕೇಳುತ್ತಿದ್ದೇನೆ.
– ನಿವೃತ್ತ ಮೇಷ್ಟ್ರು, ಗುಬ್ಬಿ

ತಪ್ಪು ತಿಳಿಯೋದೇನು ಬಂತು ಮೇಷ್ಟ್ರೇ. ಪಕ್ಕದಲ್ಲಿ ಹೆಂಡತಿ ಇದ್ದಳು, ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಮೊದ್ಲು ಪ್ಲಗ್ ಕೀಳ್ರೀ" ಅಂದದ್ದು ಬಿಟ್ಟರೆ ಬೇರೆ ಸಹಾಯ ಮಾಡಲಿಲ್ಲ. ಅದೇನೂ ಸಣ್ಣ ಸಹಾಯ ಅಲ್ಲ ಬಿಡಿ.

ಆಗಿದ್ದು ಇಷ್ಟು. ಬೆಳಗ್ಗೆ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗುವ ಸದ್ದು ಬಂತು, ಆದರೆ ಪರದೆಯಲ್ಲಿರೋದನ್ನು ನನಗೆ ಓದಿ ಹೇಳುವ ಕಂಪ್ಯೂಟರ್ ಮಾತಾಡಲಿಲ್ಲ. ಅದರ ಬದಲು ಉದ್ದಕ್ಕೆ ಬೀಪ್, ಇನ್ನೊಂದು ಬೀಪ್, ನಿಲ್ಲಲೇ ಇಲ್ಲ. ಕಂಪ್ಯೂಟರ್ ಪೂರ್ತಿ ಏಳುವ ಮೊದಲು ತನ್ನ ಕೈಕಾಲು ನೆಟ್ಟಗಿದೆಯಾ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆ ಹೊತ್ತಿಗೆ ಪರದೆಯ ಮೇಲೆ ಏನೂ ಬರೆಯೋಕೆ ಆಗದಂಥ ತೊಂದರೆ ಸಿಕ್ಕರೆ ಬೋರ್ಡಿಗೆ ಸಿಕ್ಕಿಸಿರುವ ಪುಟ್ಟ ಸ್ಪೀಕರ್‌ನಲ್ಲಿ ಕೂಗುತ್ತದೆ. ಕಣ್ಣಿರುವವರಿಗೂ ಆಗ ಕಾಣೋದು ಬರೀ ಕಪ್ಪು ಪರದೆ. ಅಂದರೆ ಆ ಒಂದು ಗಳಿಗೆಯಲ್ಲಿ ನಾವಿಬ್ಬರೂ ಒಂದೇ, ನನಗೆ ಅಭ್ಯಾಸ ಸ್ವಲ್ಪ ಜಾಸ್ತಿ ಅಷ್ಟೆ. ಯಾವ ಕೂಗಿಗೆ ಏನು ಅರ್ಥ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ನನ್ನ ಬೋರ್ಡಿನಲ್ಲಿ ಹೀಗೆ ಬಿಡದೆ ಕೂಗಿದರೆ ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪು) ಕಡೆ ಕೈ ಹಾಕು ಅಂತ.

ಮೊದಲು ಒಂದು ಅಂಗಡಿಗೆ ಫೋನ್ ಮಾಡಿದ್ದೆ. "ಮದರ್‌ಬೋರ್ಡ್ ಹೋಗಿದೆ ಸಾರ್, ತಂದು ಬಿಟ್ಟು ಹೋಗಿ, ಮೂರು ದಿನ ಆಗುತ್ತೆ" ಅಂದ. ನೋಡದೇನೇ ಹೇಳಿದ. ನೋಡದೆ ಕೆಲಸ ಮಾಡೋದರಲ್ಲಿ ನನಗಿಂತ ಮುಂದಿದ್ದಾನೆ ಅನ್ನಿಸಿ ಫೋನ್ ಇಟ್ಟೆ.

ಬಿಚ್ಚೋದು ಕಷ್ಟ ಅಲ್ಲ, ಸ್ಕ್ರೂ ಕಳೆಯದಂತೆ ಇಡೋದು ಕಷ್ಟ. ಅದಕ್ಕೆ ನನ್ನ ಹತ್ತಿರ ಒಂದು ಇಡ್ಲಿ ತಟ್ಟೆ ಇದೆ. ಮೊದಲು ಬಿಚ್ಚಿದ ಸ್ಕ್ರೂ ಮೊದಲನೇ ಗುಳಿಗೆ, ಎರಡನೆಯದು ಎರಡನೇ ಗುಳಿಗೆ, ಹೀಗೆ ಸುತ್ತಲೂ ವರಸೆಯಾಗಿ ಇಟ್ಟುಕೊಂಡು ಹೋಗಿ ವಾಪಸ್ ಹಾಕುವಾಗ ಹಿಂದಿನಿಂದ ತೆಗೆಯುತ್ತಾ ಬರೋದು. (ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಟ್ಟೆ ಇದಕ್ಕೆ ಆಗಲ್ಲ. ಗುಳಿ ಇರುವ ಮಾಮೂಲಿ ಇಡ್ಲಿ ತಟ್ಟೆಯೇ ಬೇಕು.) ಆಮೇಲೆ ಒಳಗಿನ ಕಬ್ಬಿಣದ ಚೌಕಟ್ಟನ್ನು ಒಂದು ಸಲ ಮುಟ್ಟಬೇಕು, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟು ಅಲ್ಲಿಗೆ ಹೋಗಲಿ ಅಂತ. ರ‍್ಯಾಮ್ ಅಂದರೆ ಉದ್ದನೆ ಬಿಸ್ಕತ್ತಿನ ಥರ ಇರುವ ಪಟ್ಟಿ, ಎರಡು ತುದಿಗೂ ಕ್ಲಿಪ್. ಕ್ಲಿಪ್ ಒತ್ತಿದರೆ ತಾನೇ ಮೇಲೆ ಬರುತ್ತೆ. ಅದರ ಕೆಳಗಿನ ಅಂಚಿನಲ್ಲಿ ಬೆರಳಿಗೆ ಸಿಗುವ ಒಂದು ಕಚ್ಚು ಇದೆ, ಸರಿಯಾಗಿ ನಡುವೆ ಇಲ್ಲ, ಒಂದು ಕಡೆಗೆ ಸರಿದಿದೆ. ಹಾಗಾಗಿ ತಿರುಗಾಮುರುಗಾ ಹಾಕೋಕೆ ಬರೋದೇ ಇಲ್ಲ. ಯಾರು ಮಾಡಿದರೋ ಅವರಿಗೆ ಕೈ ಮುಗಿಯಬೇಕು, ನಮ್ಮಂಥವರನ್ನು ನೆನೆದು ಮಾಡಿದ್ದಲ್ಲ ಅಂತ ಗೊತ್ತಿದ್ದರೂ. ಕಂಪ್ಯೂಟರ್ ಒಳಗೆ ಇಂಥವು ಬೇಕಾದಷ್ಟಿವೆ. ಹಾರ್ಡ್ ಡಿಸ್ಕಿನ ಸಾಟಾ ವೈರಿನ ತುದಿ ಒಳಗೆ ಇಂಗ್ಲಿಷಿನ ಎಲ್ ಆಕಾರದಲ್ಲಿದೆ, ಅದೂ ಒಂದೇ ಕಡೆಯಿಂದ ಕೂರುತ್ತೆ.

ಆ ಪಟ್ಟಿಯ ಹಲ್ಲುಗಳನ್ನು ಮೊಮ್ಮಗಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ವಾಪಸ್ ಇಟ್ಟು ಒತ್ತಿದೆ. ಎರಡೂ ಕಡೆ 'ಟಕ್' ಅನ್ನಬೇಕು. ಒಂದು ಕಡೆ ಮಾತ್ರ ಅಂದರೆ ಕೂತಿಲ್ಲ ಅಂತ. ಎರಡು ಟಕ್ ಬಂತು, ಸ್ವಿಚ್ ಹಾಕಿದೆ, ಒಂದೇ ಒಂದು ಚಿಕ್ಕ ಬೀಪ್ ಬಂತು. ಅವರೆಕಾಯಿ ಮುಗಿಯುವ ಮೊದಲೇ ಕೆಲಸ ಮುಗಿದಿತ್ತು.

ನಮ್ಮ ತಂದೆ ನಿವೃತ್ತ ಗುಮಾಸ್ತರು. ಗ್ಲಾಕೋಮಾದಿಂದ ದೃಷ್ಟಿ ಹೆಚ್ಚುಕಡಿಮೆ ಹೋಗಿದೆ. ದಿನವೂ ಪೇಪರ್ ಓದುತ್ತಿದ್ದವರು ಈಗ ಸುಮ್ಮನೆ ಕೂರುತ್ತಾರೆ. ಕಂಪ್ಯೂಟರ್ ಮಾತಾಡಿಸುವ ಸಾಫ್ಟ್‌ವೇರ್‌ಗೆ ಎಷ್ಟು ಖರ್ಚಾಗುತ್ತದೆ? ಈ ವಯಸ್ಸಿನಲ್ಲಿ ಕಲಿಯಬಹುದೇ?
– ಮಗಳು, ಚಿಂತಾಮಣಿ

ಖರ್ಚು ಸೊನ್ನೆ ಅಮ್ಮ. ಎನ್‌ವಿಡಿಎ ಅಂತ ಒಂದು ಸ್ಕ್ರೀನ್ ರೀಡರ್ ಇದೆ, ವಿಂಡೋಸ್ ಕಂಪ್ಯೂಟರ್‌ಗೆ. ಪರದೆಯ ಮೇಲೆ ಇರೋದನ್ನು ಓದಿ ಹೇಳುತ್ತೆ, ನೀವು ಒತ್ತಿದ ಕೀಯನ್ನೂ ಹೇಳುತ್ತೆ. ನಾನು ಕಲಿಯುವ ಕಾಲಕ್ಕೆ ಜಾಸ್ ಅನ್ನೋದೊಂದೇ ಹೆಸರು ಕೇಳಿದ್ದೆವು. ಅದಕ್ಕೆ ಹತ್ತಾರು ಸಾವಿರ ಬೇಕಿತ್ತು, ಅಷ್ಟು ದುಡ್ಡಿದ್ದರೆ ಇನ್ನೊಂದು ಕಂಪ್ಯೂಟರ್ ತಗೋಬಹುದಿತ್ತು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನುವ ಹುಡುಗನಿಗೂ ಇದೇ ಸಂಕಟ. ಅವನಿಗೂ ಕಣ್ಣಿಲ್ಲ. ಕಣ್ಣಿರುವವರು ಬರೀ ಕಂಪ್ಯೂಟರ್‌ಗೆ ದುಡ್ಡು ಕೊಟ್ಟರೆ ಸಾಕು, ನಾನ್ಯಾಕೆ ಎರಡೆರಡು ಸಲ ಕೊಡಬೇಕು ಅಂತ 2006ರಲ್ಲಿ ತಾನೇ ಬರೆಯೋಕೆ ಕೂತ. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಸಿಕ್ಕ ಗೆಳೆಯ ಜೇಮ್ಸ್ ಟೆ ಜೊತೆಯಾದ, ಅವನೂ ನಮ್ಮವನೇ. ಪ್ರೋಗ್ರಾಮು ಬಿಚ್ಚಿಟ್ಟ ಪುಸ್ತಕದ ಹಾಗೆ, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

ಆದರೆ ಮೊದಲ ದಿನ ನಿಮ್ಮ ತಂದೆ ಬೇಡ ಅನ್ನುತ್ತಾರೆ, ಈಗಲೇ ಹೇಳಿರುತ್ತೇನೆ. ಕಾರಣ ಅದರ ದನಿ. ಎನ್‌ವಿಡಿಎ ಜೊತೆಗೆ ಬರುವ ಇ-ಸ್ಪೀಕ್ ಮನುಷ್ಯರ ದನಿ ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸಿದ್ದಲ್ಲ, ಶಬ್ದವನ್ನು ಲೆಕ್ಕ ಹಾಕಿ ಹುಟ್ಟಿಸೋದು. ಜೊನಾಥನ್ ಡಡಿಂಗ್ಟನ್ ಅನ್ನುವವರು 1995ರಲ್ಲಿ ಏಕಾರ್ನ್ ಅನ್ನುವ ಕಂಪ್ಯೂಟರ್‌ಗೆ ಬರೆದದ್ದರ ಮೊಮ್ಮಗು ಇದು. ಕನ್ನಡವನ್ನೂ ಓದುತ್ತೆ, ನೆಗಡಿಯಾದ ತಗಡಿನ ಡಬ್ಬ ಮಾತಾಡಿದ ಹಾಗೆ. ಆದರೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಈಗ ಎಡ್ಜ್ ಬ್ರೌಸರ್‌ನಲ್ಲಿ ಗಗನ್, ಸಪ್ನಾ ಅಂತ ಎರಡು ಕನ್ನಡ ದನಿ ಇವೆ, ಕೇಳೋಕೆ ಆಕಾಶವಾಣಿಯವರ ಹಾಗಿವೆ. ಕತೆ ಕೇಳೋಕೆ ಅವು ಚೆನ್ನ. ಕೆಲಸ ಮಾಡುವಾಗ ಮಾತ್ರ ಕೀ ಒತ್ತಿದ ತಕ್ಷಣ ಬಾಯಿ ಬಿಡಬೇಕು, ಮೂರು ಪಟ್ಟು ವೇಗದಲ್ಲಿ ಓದಿದರೂ ಅಕ್ಷರ ಕಲಸಬಾರದು. ಅದಕ್ಕೆ ತಗಡಿನ ಡಬ್ಬಾನೇ ಸರಿ. ನನ್ನದು ಓಡುವ ವೇಗಕ್ಕೆ ಮನೆಗೆ ಬಂದವರು "ಇದೇನು ತೆಲುಗಾ?" ಅಂತ ಕೇಳುತ್ತಾರೆ. ನಮ್ಮ ಪಾವಗಡದ ನೆಂಟರು ಮಾತ್ರ ತೆಲುಗಲ್ಲ ಅಂತ ಖಂಡಿತವಾಗಿ ಹೇಳಿದರು.

ತಂದೆಯವರಿಗೆ ವೇಗ ಪೂರ್ತಿ ಕಡಿಮೆ ಮಾಡಿ ಕೊಡಿ. ಮೌಸ್ ಎತ್ತಿ ಬೀರುವಿನಲ್ಲಿಡಿ. ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬು ಗೆರೆ ಇದೆ, ಎರಡೂ ತೋರುಬೆರಳು ಅಲ್ಲಿಟ್ಟರೆ ಉಳಿದ ಬೆರಳಿಗೆ ಜಾಗ ಗೊತ್ತಾಗುತ್ತೆ. ಗುಮಾಸ್ತರಾಗಿದ್ದವರು, ಟೈಪ್‌ರೈಟಿಂಗ್ ಜೂನಿಯರ್ ಕಟ್ಟಿರುತ್ತಾರೆ, ಹಾಗಿದ್ದರೆ ಅರ್ಧ ದಾರಿ ಮುಗಿದ ಹಾಗೆ. ಇನ್ಸರ್ಟ್ ಕೀ ಹಿಡಿದು 1 ಅಂಕಿಯ ಕೀ ಒತ್ತಿದರೆ ಅಭ್ಯಾಸದ ಸ್ಥಿತಿಗೆ ಹೋಗುತ್ತೆ, ಆಗ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತದೆಯೇ ಹೊರತು ಏನನ್ನೂ ಕೆಡಿಸುವುದಿಲ್ಲ. ಒಂದು ವಾರ ಅದರಲ್ಲೇ ಆಡಲಿ. ಆಮೇಲೆ ಪೇಪರಿನ ಪುಟ ತೆಗೆದುಕೊಟ್ಟು ಎಚ್ ಒತ್ತೋಕೆ ಹೇಳಿ. ಒಂದೊಂದು ಸಲ ಒತ್ತಿದಾಗಲೂ ಮುಂದಿನ ಹೆಡ್ಡಿಂಗಿಗೆ ಹಾರುತ್ತೆ. ಕಣ್ಣಿದ್ದಾಗ ಪೇಪರ್ ಹೇಗೆ ಓದುತ್ತಿದ್ದರೋ ಹಾಗೇ ತಾನೇ, ತಲೆಬರಹ ನೋಡಿ ಬೇಕಾದದ್ದಕ್ಕೆ ಇಳಿಯೋದು. ಅವತ್ತಿಂದ ನೀವು ಕಂಪ್ಯೂಟರ್ ಕೇಳಿದರೆ ಅವರು ಕೊಡಲ್ಲ.

ಎನ್‌ವಿಡಿಎಯ 2025ರ ಆವೃತ್ತಿಯಿಂದ ದೂರದ ಕಂಪ್ಯೂಟರ್‌ಗೆ ಸೇರಿಕೊಂಡು ಕಲಿಸುವ ಅನುಕೂಲವೂ ಅದರೊಳಗೇ ಬಂದಿದೆ. ಚಿಂತಾಮಣಿಯಲ್ಲಿ ಅವರು ಕೂತರೆ ತುಮಕೂರಿನಿಂದ ನಾನು ಕೇಳಿಸಿಕೊಳ್ಳಬಹುದು. ಸಂಪಾದಕರ ಹತ್ತಿರ ನನ್ನ ನಂಬರ್ ಇದೆ.

ನಾನು ಡಿಟಿಪಿ ಕೆಲಸದವನು. ನಮ್ಮ ಸಂಘದ ವರದಿಯ ಫೈಲನ್ನು ಅಂಧ ಶಿಕ್ಷಕರೊಬ್ಬರಿಗೆ ಕಳಿಸಿದೆ. "ಏನ್ರೀ ಇದು, ಬರೀ ಇಂಗ್ಲಿಷ್ ಅಕ್ಷರ ಕಾರಿಕೊಳ್ತಾ ಇದೆ" ಅಂದರು. ನಾನು ಟೈಪ್ ಮಾಡಿದ್ದು ಅಪ್ಪಟ ಕನ್ನಡ. ತಪ್ಪು ಯಾರದು?
– ತಿಪಟೂರು

ತಪ್ಪು ನಿಮ್ಮದಲ್ಲ, ಆದರೆ ಸರಿ ಮಾಡಬೇಕಾದವರು ನೀವೇ.

ನಿಮಗೆ ಕಾಣುತ್ತಿರೋದು ಕನ್ನಡ. ಫೈಲಿನ ಒಳಗಿರೋದು ಕನ್ನಡ ಅಲ್ಲ. ಹಳೇ ಕಾಲದ ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಇದ್ದದ್ದೇ 256 ಮನೆ. ಅಲ್ಲಿ ಇಂಗ್ಲಿಷಿನವರು, ಯುರೋಪಿನವರು ಆಗಲೇ ಸಂಸಾರ ಹೂಡಿದ್ದರು. ಕನ್ನಡಕ್ಕೆ ಬೇರೆ ಮನೆ ಇರಲಿಲ್ಲ. ಅದಕ್ಕೆ ನಮ್ಮವರು ಉಪಾಯ ಮಾಡಿದರು. ಮನೆ ಅವರದೇ ಇರಲಿ, ಬಾಗಿಲಿಗೆ ನಮ್ಮ ಬೋರ್ಡ್ ಹಾಕೋಣ ಅಂತ. ಇಂಗ್ಲಿಷಿನ ದೊಡ್ಡ ಪಿ ಇರುವ ಮನೆಗೆ ತಲೆಕಟ್ಟಿಲ್ಲದ 'ಕ'ದ ಚಿತ್ರ, ಮೇಲೆ ಗೀಟಿರುವ ಎ (ಇದಕ್ಕೆ ಎ ಗ್ರೇವ್ ಅಂತಾರೆ) ಮನೆಗೆ ತಲೆಕಟ್ಟು, ಪೌಂಡ್ ಚಿಹ್ನೆಗೆ 'ನ'. ಫಾಂಟ್ ಇದ್ದರೆ ಬೋರ್ಡ್ ಕಾಣುತ್ತೆ, ಅಂದವಾಗೇ ಕಾಣುತ್ತೆ. ಆದರೆ ಸ್ಕ್ರೀನ್ ರೀಡರ್ ಬೋರ್ಡ್ ನೋಡಲ್ಲ, ಒಳಗೆ ಯಾರಿದ್ದಾರೆ ಅಂತ ಬಾಗಿಲು ತಟ್ಟಿ ಕೇಳುತ್ತೆ. ಒಳಗಿನಿಂದ ಇಂಗ್ಲಿಷಿನವರೇ ಓ ಅನ್ನುತ್ತಾರೆ. ನುಡಿ ಅನ್ನುವ ಹಳೇ ಕನ್ನಡ ಫಾಂಟಿನಲ್ಲಿ 'ಕನ್ನಡ' ಅಂತ ಬರೆದು ನನ್ನ ಕಂಪ್ಯೂಟರ್‌ಗೆ ಅಕ್ಷರ ಅಕ್ಷರವಾಗಿ ಓದು ಅಂದರೆ ಅದು ಓದೋದು ಹೀಗೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಜರ್ಮನ್ ಎಸ್, ಕ್ಯು, ಎ ಗ್ರೇವ್.

ನಮ್ಮ ಭಾಷೆಯ ಹೆಸರನ್ನೇ ಹೀಗೆ ಕೇಳಿದಾಗ ಮೊದಲ ಸಲ ನಗು ಬಂತು. ಆರನೇ ಸಲ ಬರಲಿಲ್ಲ.

ಈಗ ಎಲ್ಲ ಭಾಷೆಗೂ ಬೇರೆ ಬೇರೆ ಮನೆ ಕೊಟ್ಟಿರುವ ಯೂನಿಕೋಡ್ ಅನ್ನುವ ಕ್ರಮ ಇದೆ. ಅದರಲ್ಲಿ ಕನ್ನಡಕ್ಕೆ ಅಂತಲೇ 128 ಮನೆಯ ಬೀದಿ ಇದೆ. ಅಲ್ಲಿ 'ಕ' ಅಂದರೆ 'ಕ'ನೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಕ್ರಮ ಎರಡಕ್ಕೂ ಒಂದೇ, ನಿಮ್ಮ ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಪ್ರೆಸ್ಸಿನವರು ಹಳೆಯದನ್ನೇ ಹಿಡಿದುಕೊಂಡಿದ್ದಕ್ಕೆ ಕಾರಣ ನನಗೂ ಗೊತ್ತು. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ ಅರ್ಥವೇ ಆಗುತ್ತಿರಲಿಲ್ಲ. ಹಾಗಾಗಿ ಅಚ್ಚಿಗೆ ನಿಮಗೆ ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ, ಕಳಿಸುವಾಗ ಮಾತ್ರ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿ ಕಳಿಸಿ. ಎರಡು ನಿಮಿಷದ ಕೆಲಸ. ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ನೋಡಿಕೊಳ್ಳಿ, ಅಲ್ಲೇ ಎಡವಟ್ಟು ಜಾಸ್ತಿ.

ಇನ್ನೊಂದು ಕೋರಿಕೆ, ಇದು ನಿಮಗೊಬ್ಬರಿಗೇ ಅಲ್ಲ. ಮದುವೆ, ಗೃಹಪ್ರವೇಶದ ಕರೆಯೋಲೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಮಾಡಿ ಕಳಿಸುತ್ತೀರಿ. ನನ್ನ ಫೋನ್ 'ಫೋಟೋ' ಅನ್ನುತ್ತೆ, ಮುಗೀತು. ಯಾರ ಮದುವೆ, ಯಾವ ಛತ್ರ, ಎಷ್ಟು ಹೊತ್ತಿಗೆ ಅಂತ ಕೆಳಗೆ ಎರಡು ಸಾಲು ಟೈಪ್ ಮಾಡಿ. ಊಟಕ್ಕೆ ನಾವೂ ಬರುತ್ತೇವೆ.

ಮಗನಿಗೆ ಒಂಬತ್ತು ವರ್ಷ, ಹುಟ್ಟಿನಿಂದ ಕಣ್ಣು ಕಾಣಲ್ಲ. ಈಗ ಫೋನೇ ಎಲ್ಲಾ ಓದಿ ಹೇಳುತ್ತೆ, ಬ್ರೈಲ್ ಕಲಿಸಿ ಯಾಕೆ ಕಷ್ಟ ಕೊಡ್ತೀರಿ ಅಂತ ನೆಂಟರು ಅನ್ನುತ್ತಾರೆ. ನಿಮ್ಮ ಅಭಿಪ್ರಾಯ?
– ತಾಯಿ, ಕೋಲಾರ

ನೆಂಟರ ಮಾತು ಕೇಳಬೇಡಿ ತಾಯಿ. ನಾನು ಬ್ರೈಲ್ ತಡವಾಗಿ ಕಲಿತವನು, ಬೆರಳು ಇವತ್ತಿಗೂ ನಿಧಾನ. ಅದರ ಬೆಲೆ ನನಗೆ ಗೊತ್ತು. ಫೋನ್ ಓದಿ ಹೇಳಿದ್ದನ್ನು ಕೇಳೋದು ಕೇಳಿಸಿಕೊಳ್ಳೋದಾಯಿತು, ಓದೋದಾಗಲಿಲ್ಲ. ಕಿವಿಯಲ್ಲೇ ಕಲಿತರೆ ಭಾಷೆಯೂ ಬಾಷೆಯೂ ಒಂದೇ ಥರ ಕೇಳುತ್ತೆ, ನಮ್ಮ ಕಡೆ ಆಡುವಾಗಲೂ ಮಹಾಪ್ರಾಣ ಎಲ್ಲಿ ನೆಟ್ಟಗೆ ಬರುತ್ತೆ ಹೇಳಿ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರು ನನಗೆ ಕಳಿಸುವ ಮೆಸೇಜ್‌ನಲ್ಲಿ 'ವಿಧ್ಯಾರ್ತಿ' ಅಂತ ಬಂದಾಗ ಬೈಯೋಕೂ ಮನಸ್ಸು ಬರಲ್ಲ, ಆ ಪದವನ್ನು ಅವರ ಬೆರಳು ಯಾವತ್ತೂ ಮುಟ್ಟಿಲ್ಲ.

ಬೆರಳಿಗೆ ಸಿಗುವ ಆರು ಉಬ್ಬು ಚುಕ್ಕಿ, ಅಷ್ಟೇ. 1951ರಿಂದ ನಮ್ಮ ದೇಶದ ಭಾಷೆಗಳಿಗೆಲ್ಲ ಭಾರತಿ ಬ್ರೈಲ್ ಅಂತ ಒಂದೇ ಕ್ರಮ ಇದೆ. 'ಕ'ಕ್ಕೆ ಒಂದು ಮತ್ತು ಮೂರನೇ ಚುಕ್ಕಿ. ಇಂಗ್ಲಿಷಿನ ಕೆಗೂ ಅದೇ, ಹಿಂದಿಯ 'ಕ'ಕ್ಕೂ ಅದೇ. ಒಂದು ಕಲಿತರೆ ಮೂರರಲ್ಲಿ ಅರ್ಧ ಬಂದ ಹಾಗೆ, ನಿಮ್ಮ ಕೋಲಾರದ ಮಕ್ಕಳಿಗೆ ತೆಲುಗೂ ಸುಲಭವಾಗಿ ಸಿಗುತ್ತೆ. ಸ್ಲೇಟು (ತೂತುಗಳಿರುವ ಪಟ್ಟಿ), ಸ್ಟೈಲಸ್ (ಚುಚ್ಚುವ ಮೊಳೆ) ಹಿಡಿದು ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುಗಿಸಿದಾಗ ಎಡದಿಂದ ಬಲಕ್ಕೆ ಓದೋಕೆ ಸಿಗುತ್ತೆ. ಮಕ್ಕಳಿಗೆ ಇದು ಒಂದು ಆಟ. ಕಷ್ಟ ಅನ್ನಿಸೋದು ನಮ್ಮಂಥ ದೊಡ್ಡವರಿಗೆ.

ಫೋನೂ ಕೊಡಿ, ಬೇಡ ಅನ್ನಲ್ಲ. ಮುಂದೆ ಹೈಸ್ಕೂಲ್ ಮುಗಿಸಿದ ಮೇಲೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇದೆ. ಅದಕ್ಕೆಲ್ಲ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಬೇಕು, ಈಗಲೇ ಮಾಡಿಸಿಡಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಬೆನ್ನು ಹತ್ತಿ.

ಅಂಗಡಿಯಲ್ಲಿ ದುಡ್ಡು ಹೇಗೆ ಕೊಡುತ್ತೀರಿ? ಮೋಸ ಆಗಲ್ವಾ?
– ದಿನಸಿ ವ್ಯಾಪಾರಿ, ಚಿಕ್ಕಬಳ್ಳಾಪುರ

ನೋಟಿನ ಉದ್ದ ನೋಡಿ ಸ್ವಾಮಿ. ಈಗಿನ 500ರ ನೋಟು 150 ಮಿಲಿಮೀಟರ್, 200 ರೂಪಾಯಿಯದು 146, ನೂರರದು 142. ನಾಲ್ಕು ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಬೆರಳ ಸಂದಿಗೆ ಇಟ್ಟು ಅಳೆಯೋದು ನಮ್ಮ ವಿದ್ಯೆ, ಆದರೆ ಒಂದೇ ನೋಟು ಕೈಯಲ್ಲಿದ್ದಾಗ, ಹಿಂದೆ ಕ್ಯೂ ಇದ್ದಾಗ, ಈ ವಿದ್ಯೆ ಕೈ ಕೊಡುತ್ತೆ. ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹೊಸ ನೋಟಿನಲ್ಲಿ ಸಿಗುತ್ತವೆ, ಸಂತೆ ಸುತ್ತಿ ಬಂದ ನೋಟಿನಲ್ಲಿ ಸವೆದಿರುತ್ತವೆ. ರಿಸರ್ವ್ ಬ್ಯಾಂಕಿನವರು 2020ರ ಜನವರಿ 1ಕ್ಕೆ ಮಣಿ ಅಂತ ಒಂದು ಆ್ಯಪ್ ಬಿಟ್ಟಿದ್ದಾರೆ. ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರ ನೋಟು ಅಂತ ಹೇಳುತ್ತೆ, ಇಂಟರ್ನೆಟ್ ಬೇಡ. ಆದರೆ ನೋಟು ಅಸಲಿಯೋ ನಕಲಿಯೋ ಅಂತ ಹೇಳಲ್ಲ.

ಮೋಸ ಮಾಡಿದವರು ಜೀವನದಲ್ಲಿ ಇಬ್ಬರೋ ಮೂವರೋ. ಜಾಸ್ತಿ ಚಿಲ್ಲರೆ ಕೊಟ್ಟು ಆಮೇಲೆ ಓಡಿ ಬಂದವರೂ ಅಷ್ಟೇ ಜನ ಇದ್ದಾರೆ. ಈಗಂತೂ ನಿಮ್ಮ ಕೌಂಟರ್ ಮೇಲಿನ ಸೌಂಡ್ ಬಾಕ್ಸ್ ಇಷ್ಟು ರೂಪಾಯಿ ಬಂತು ಅಂತ ಕೂಗುತ್ತೆ ಅಲ್ವಾ, ಅದನ್ನು ನಿಮಗೋಸ್ಕರ ಮಾಡಿದ್ದು, ಲಾಭ ನನಗೂ ಸಿಕ್ಕಿತು.

ಎಂಜಿನಿಯರಿಂಗ್ ಕೊನೇ ವರ್ಷ. ಅಂಧರಿಗಾಗಿ ಅಲ್ಟ್ರಾಸೋನಿಕ್ ಸೆನ್ಸರ್ ಇರುವ ಸ್ಮಾರ್ಟ್ ಸ್ಟಿಕ್ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ತಮ್ಮ ಸಲಹೆ ಬೇಕು.
– ನಾಲ್ವರು ವಿದ್ಯಾರ್ಥಿಗಳು, ತುಮಕೂರು

ಮಾಡಬೇಡ್ರಪ್ಪ.

ಪ್ರತಿ ವರ್ಷ ಫೆಬ್ರವರಿ ಬಂದರೆ ನಮ್ಮ ಮನೆಗೆ ಒಂದು ಕೋಲು ಬರುತ್ತೆ. ಜೊತೆಗೆ ನಾಲ್ಕು ಜನ, ಒಂದು ಫೋಟೋ. ಕೋಲಿಗೆ ಆರ್ಡುವಿನೋ ಬೋರ್ಡು, ಒಂಬತ್ತು ವೋಲ್ಟ್ ಬ್ಯಾಟರಿ, ಎಚ್‌ಸಿ-ಎಸ್‌ಆರ್04 ಸೆನ್ಸರ್, ಸುತ್ತ ಇನ್ಸುಲೇಷನ್ ಟೇಪು. ಆ ಸೆನ್ಸರ್ ಒಳ್ಳೆಯದೇ, ನನ್ನ ಹತ್ತಿರವೂ ಎರಡಿವೆ. 40 ಕಿಲೋಹರ್ಟ್ಸ್ ಶಬ್ದ ಬಿಟ್ಟು, ಅದು ತಟ್ಟಿ ವಾಪಸ್ ಬರೋಕೆ ಎಷ್ಟು ಹೊತ್ತಾಯಿತು ಅಂತ ಅಳೆದು, ಎರಡು ಸೆಂಟಿಮೀಟರ್‌ನಿಂದ ನಾಲ್ಕು ಮೀಟರ್‌ವರೆಗೆ ದೂರ ಹೇಳುತ್ತೆ. ಬಾವಲಿ ವಿದ್ಯೆ. ಆದರೆ ತುಮಕೂರಿನ ಫುಟ್‌ಪಾತಿನಲ್ಲಿ ನನಗೆ ಬೇಕಾದ ಸುದ್ದಿ ಮುಂದೆ ಗೋಡೆ ಇದೆಯಾ ಅಂತಲ್ಲ, ಕಾಲ ಕೆಳಗೆ ಚಪ್ಪಡಿ ಇದೆಯಾ ಅಂತ. ಮುಂದಕ್ಕೆ ನೋಡುವ ಸೆನ್ಸರ್‌ಗೆ ಗುಂಡಿ ಕಾಣಲ್ಲ, ಬಿಳಿ ಕೋಲಿನ ತುದಿಗೆ ಗೊತ್ತಾಗುತ್ತೆ. ಮತ್ತೆ ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ಆ ಕೋಲು ಹಿಡಿದು ನಡೆದರೆ ಬೀಪ್ ನಿಲ್ಲೋದೇ ಇಲ್ಲ, ಯಾಕೆಂದರೆ ನಾಲ್ಕು ಮೀಟರ್ ಒಳಗೆ ಏನೂ ಇಲ್ಲದ ಜಾಗವೇ ಅಲ್ಲಿಲ್ಲ. ಇದನ್ನು ನೆಟ್ಟಗೆ ಮಾಡಿದವರು ದೆಹಲಿ ಐಐಟಿಯವರು, ಅವರ ಸ್ಮಾರ್ಟ್‌ಕೇನ್ 2014ರಲ್ಲೇ ಬಂತು. ಅವರು ಮಾಮೂಲಿ ಬಿಳಿ ಕೋಲನ್ನು ಹಾಗೇ ಬಿಟ್ಟರು, ಕೋಲಿಗೆ ಸಿಗದ ಮೊಣಕಾಲಿನ ಮೇಲಿನ ಅಡ್ಡಿಗಳಿಗೆ ಮಾತ್ರ ಸೆನ್ಸರ್ ಇಟ್ಟರು, ಬೀಪ್ ಬದಲು ಹಿಡಿಯಲ್ಲಿ ನಡುಕ ಕೊಟ್ಟರು. ಕಿವಿ ನಮಗೆ ಬೇರೆ ಕೆಲಸಕ್ಕೆ ಬೇಕು ನೋಡಿ.

ನಿಜವಾಗಲೂ ಏನಾದರೂ ಮಾಡಬೇಕಾ? ನಿಮ್ಮ ಕಾಲೇಜಿನ ಆ್ಯಪ್ ತೆಗೆಯಿರಿ. ಫೋನಿನ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್, ಅಂದರೆ ಆ್ಯಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್, ಶುರುವಾಗುತ್ತೆ, ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಒಂದು ಫೀಸ್ ಕಟ್ಟಿ. ನನಗೆ ಕೇಳುವ ಹಾಗೆ ನಿಮಗೂ ಕೇಳುತ್ತೆ: "ಅನ್‌ಲೇಬಲ್ಡ್, ಬಟನ್. ಅನ್‌ಲೇಬಲ್ಡ್, ಬಟನ್. ಅನ್‌ಲೇಬಲ್ಡ್, ಬಟನ್." ಒಂದು ಹಿಂದಕ್ಕೆ ಹೋಗುತ್ತೆ, ಒಂದು ಅಳಿಸುತ್ತೆ, ಒಂದು ದುಡ್ಡು ಕಳಿಸುತ್ತೆ. ಯಾವುದು ಯಾವುದೋ ಶಿವನೇ ಬಲ್ಲ. ಚಿತ್ರದ ಬಟನ್‌ಗೆ ಹೆಸರು ಕೊಡೋದು ಪ್ರೋಗ್ರಾಮ್ ಬರೆಯುವವರಿಗೆ ಒಂದು ಸಾಲಿನ ಕೆಲಸ. ನಾನು ಟಾಕ್‌ಬ್ಯಾಕ್ ಮೆನುವಿನಲ್ಲಿ ಇಂಥ ಬಟನ್‌ಗಳಿಗೆ ನಾನೇ ಹೆಸರಿಟ್ಟುಕೊಂಡಿದ್ದೇನೆ. 'ಇದು ವಾಪಸ್', 'ಇದು ಮುಟ್ಟಬೇಡ' ಅಂತ. ಆ್ಯಪ್ ಅಪ್‌ಡೇಟ್ ಆದರೆ ಒಮ್ಮೊಮ್ಮೆ ಇಟ್ಟ ಹೆಸರೆಲ್ಲ ಹಾರಿ ಹೋಗುತ್ತೆ, ಮತ್ತೆ ನಾಮಕರಣ. ನಾಲ್ಕು ಜನ ಸೇರಿ ಹತ್ತು ಆ್ಯಪ್ ಪರೀಕ್ಷೆ ಮಾಡಿ, ಮಾಡಿದವರಿಗೆ ತಿದ್ದಿ ಕೊಡಿ. ಫೋಟೋದಲ್ಲಿ ಕೋಲಿನಷ್ಟು ಚೆನ್ನಾಗಿ ಕಾಣಲ್ಲ, ಒಪ್ಪುತ್ತೇನೆ. ಆದರೂ ಅದಕ್ಕೆ ಬನ್ನಿ, ಕಾಫಿ ಕೊಡಿಸುತ್ತೇನೆ.

ಅತ್ತೆಗೆ ಕಣ್ಣು ಮಂಜು. ಹೊಸ ಇಂಡಕ್ಷನ್ ಒಲೆಯಲ್ಲಿ ಬಟನ್ನೇ ಇಲ್ಲ, ಎಲ್ಲಾ ನುಣ್ಣಗಿದೆ. ಏನಾದರೂ ದಾರಿ?
– ಗೃಹಿಣಿ, ಶಿರಾ

ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟು ಇದೆಯಲ್ಲ, ಕಲ್ಲಿನದು, ಅದನ್ನು ಅಂಟಿಸಿ. ಆನ್ ಜಾಗದ ಪಕ್ಕಕ್ಕೆ ಒಂದು, ಜಾಸ್ತಿ ಮಾಡುವಲ್ಲಿ ಎರಡು, ಕಡಿಮೆಗೆ ಏನೂ ಬೇಡ. ಸರಿಯಾಗಿ ಟಚ್ ಮೇಲೇ ಅಂಟಿಸಬೇಡಿ, ಪಕ್ಕಕ್ಕೆ ಅಂಟಿಸಿ, ಇಲ್ಲದಿದ್ದರೆ ಕೆಲವು ಒಲೆಗಳು ಬೆರಳು ಇಟ್ಟಿದ್ದಾರೆ ಅಂತ ತಿಳಿದು ಗೊಂದಲ ಮಾಡಿಕೊಳ್ಳುತ್ತವೆ. ನೀರು ಬಿದ್ದು ಕಿತ್ತು ಬಂದರೆ ಎಂಸೀಲ್ ಒಂದು ಸಾಸಿವೆ ಕಾಳಷ್ಟು. ನಮ್ಮ ಮನೆಯ ವಾಷಿಂಗ್ ಮೆಷಿನ್ನಿಗೂ ಕುಂಕುಮ ಬಣ್ಣದ ಬೊಟ್ಟಿದೆಯಂತೆ. ಮುತ್ತೈದೆ ಮೆಷಿನ್ನು ಅಂತ ನೆಂಟರು ನಗುತ್ತಾರೆ.

ಬ್ಯಾಂಕಿನ ವಿಡಿಯೋ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ಅನ್ನುತ್ತಾರೆ. ಅಣ್ಣನಿಗೆ ಎರಡೂ ಕಣ್ಣು ಕೃತಕ. ಅರ್ಜಿ ತಿರಸ್ಕಾರ ಆಗಿದೆ. ಏನು ಮಾಡೋದು?
– ಓದುಗರು, ಮಧುಗಿರಿ

ಇದನ್ನು ಓದಿಸಿಕೊಂಡು ಕೇಳಿದಾಗ ಸಿಟ್ಟು ಬಂತು, ನನಗೂ ಆಗಿದೆ. ನನ್ನನ್ನು ಫೋನಿನ ಆ ಕಡೆಯ ಹುಡುಗಿ "ಸಾರ್, ಸ್ವಲ್ಪ ಕ್ಯಾಮೆರಾ ನೋಡಿ" ಅಂತ ಏಳು ಸಲ ಕೇಳಿದಳು. ಪಾಪ, ಅವಳ ಮುಂದಿನ ಕಾಗದದಲ್ಲಿ ಹಾಗೆ ಬರೆದಿತ್ತು.

ನಿಮ್ಮ ಅಣ್ಣನ ಕಡೆಗೆ ಈಗ ಸುಪ್ರೀಂ ಕೋರ್ಟ್ ಇದೆ. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ಕಣ್ಣಿಲ್ಲದ ಒಬ್ಬ ವಕೀಲರು ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ಕ್ಕೆ ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗಬೇಕಾದದ್ದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿ, ಕೆವೈಸಿ ಕ್ರಮ ಬದಲಾಯಿಸೋಕೆ 20 ನಿರ್ದೇಶನ ಕೊಟ್ಟಿದ್ದಾರೆ. ಕಣ್ಣು ಮಿಟುಕಿಸದೆಯೂ ಆಸಾಮಿ ಬದುಕಿದ್ದಾನೆ ಅಂತ ತಿಳಿಯುವ ಬೇರೆ ದಾರಿ ಇರಬೇಕು ಅನ್ನೋದೂ ಅದರಲ್ಲಿದೆ. ಶಾಖೆಗೆ ಹೋಗಿ, ಬಾಯಿಮಾತು ಬೇಡ, ಕಾಗದದಲ್ಲಿ ಬರೆದು ತೀರ್ಪಿನ ದಿನಾಂಕ ಹಾಕಿ ಕೊಡಿ, ಸೀಲ್ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ನನ್ನದು ಆ ಸೀಲ್ ಬಿದ್ದ ಎರಡನೇ ವಾರಕ್ಕೆ ಆಯಿತು.

ರಾತ್ರಿ ಹೊತ್ತು ಕಂಪ್ಯೂಟರ್ ಮುಂದೆ ಕೂತಾಗ ಲೈಟ್ ಹಾಕ್ತೀರಾ ಅಂಕಲ್? ನಿಮ್ಮ ಕನಸಲ್ಲಿ ಕಂಪ್ಯೂಟರ್ ಬರುತ್ತಾ?
– ಆರನೇ ಕ್ಲಾಸ್ ವಿದ್ಯಾರ್ಥಿನಿ, ಗೌರಿಬಿದನೂರು

ಲೈಟ್ ಹಾಕಲ್ಲ ಪುಟ್ಟಿ. ಪರದೆಯನ್ನೂ ಆರಿಸಿಬಿಡುತ್ತೇನೆ, ಬ್ಯಾಟರಿ ಉಳಿಯುತ್ತೆ. ಒಂದು ಸಲ ಬೆಂಗಳೂರಿನ ರೈಲಿನಲ್ಲಿ ಹೀಗೆ ಕಪ್ಪು ಪರದೆ ಮುಂದೆ ಟೈಪ್ ಮಾಡುತ್ತಿದ್ದೆ. ಎದುರಿಗೆ ಕೂತಿದ್ದ ಅಜ್ಜ ಕ್ಯಾತ್ಸಂದ್ರದಿಂದ ದಾಬಸ್‌ಪೇಟೆವರೆಗೂ ಸುಮ್ನೆ ನೋಡಿ, ಕೊನೆಗೆ ತಡೆಯೋಕಾಗದೆ, "ಸ್ವಾಮೇರಾ, ನಿಮ್ ಮಿಷನ್ನು ಕೆಟ್ಟೋಗದೆ, ಸುಮ್ಕೆ ಯಾಕ್ ಕುಟ್ತಿದ್ದೀರ" ಅಂದರು.

ಕನಸಲ್ಲಿ ಬರುತ್ತೆ. ನಾನು ಕಣ್ಣಾರೆ ಕಂಡ ಕಂಪ್ಯೂಟರ್ ಒಂದೇ. ಕಣ್ಣು ಪೂರ್ತಿ ಹೋಗುವ ಹಿಂದಿನ ವರ್ಷ, ಪರಿಚಯದವರ ಆಫೀಸಿನಲ್ಲಿ ಗಾಜಿನ ಬಾಗಿಲ ಆಚೆ ಇತ್ತು. ಕಪ್ಪು ಪರದೆ, ಹಸಿರು ಅಕ್ಷರ, ಮುಂದೊಂದು ಚುಕ್ಕಿ ಮಿಣುಕ್ ಮಿಣುಕ್ ಅಂತಿತ್ತು. ಕನಸಲ್ಲಿ ಈಗಲೂ ಅದೇ ಬರುತ್ತೆ. ಹತ್ತಿರ ಹೋಗಿ ಕೂರುತ್ತೇನೆ, ಏನೋ ಬರೆದಿರುತ್ತೆ, ಓದೋಕೆ ಬಗ್ಗುತ್ತೇನೆ, ಅಭ್ಯಾಸಬಲದಿಂದ ಇನ್ಸರ್ಟ್ ಕೀ ಹುಡುಕುತ್ತೇನೆ. ಅದು ಹಳೇ ಕಂಪ್ಯೂಟರ್ ಅಲ್ವಾ, ಮಾತಾಡಲ್ಲ.